ವಿಷ್ಣುತೀರ್ಥರಾಯರು ಕಳಿಸಿದ ಅರವತ್ತಮೂರು ರಿಪೋರ್ಟುಗಳು

ಮೈಲಾಪೂರಿನ ಕನ್ನಡ ಕೂಟದ ಹಾಲಿನಲ್ಲಿ ಅಷ್ಟೂ ಜನ ನಗುತ್ತಿರುವುದು ತಮ್ಮನ್ನು ಕಂಡೇ ಎಂಬುದು ವಿಷ್ಣುತೀರ್ಥರಾಯರಿಗೆ ತಿಳಿಯಲು ಅರ್ಧ ನಿಮಿಷ ಹಿಡಿಯಿತು. ಅಷ್ಟರಲ್ಲಿ, ಎಲ್ಲರೂ ನಗುವಾಗ ಸುಮ್ಮನಿರಬಾರದೆಂದು ಅವರೂ ಒಂದಿಷ್ಟು ನಕ್ಕುಬಿಟ್ಟಿದ್ದರು.

ಎರಡು ಸಾವಿರದ ಐದನೇ ಇಸವಿಯ ಒಂದು ಭಾನುವಾರ ಅದು. ಶೋಳಿಂಗನಲ್ಲೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದ ಗಿರಿಧರ್ ಎಂಬ ಮೈಸೂರಿನ ಹುಡುಗ ‘ಮನೆಯ ಕಂಪ್ಯೂಟರ್: ಉಪಯೋಗ, ಉಪದ್ರವ’ ಎಂಬ ವಿಷಯದ ಮೇಲೆ ಮಾತಾಡಿ ಮುಗಿಸಿ, ಪ್ರಶ್ನೆಗಳಿದ್ದರೆ ಕೇಳಿ ಎಂದಿದ್ದ. ರಾಯರು ಎದ್ದು ನಿಂತರು. ಕಂಕುಳಲ್ಲಿ ಕೆಂಪು ಬೆನ್ನಿನ ಉದ್ದನೆಯ ರಿಜಿಸ್ಟರು.

“ನೋಡಪ್ಪಾ, ನಮ್ಮನೆ ಕಂಪ್ಯೂಟರ್ ಎರಡು ವರ್ಷದಲ್ಲಿ ಅರವತ್ತಮೂರು ಸರ್ತಿ ನಿಂತುಹೋಗಿದೆ. ಪ್ರತಿ ಸರ್ತೀನೂ ‘ಎರರ್ ರಿಪೋರ್ಟ್ ಕಳಿಸ್ಲಾ’ ಅಂತ ಒಂದು ಬಾಕ್ಸ್ ಬರತ್ತೆ. ಪ್ರತಿ ಸರ್ತೀನೂ ‘ಸೆಂಡ್’ ಒತ್ತಿದೀನಿ. ತಾರೀಕು, ಟೈಮು, ಎಲ್ಲ ಎಂಟ್ರಿ ಇದೆ. ಒಂದಕ್ಕಾದ್ರೂ ಅಕ್ನಾಲೆಡ್ಜ್‌ಮೆಂಟ್ ಬಂದಿಲ್ಲ. ರಿಮೈಂಡರ್ ಯಾವ ಆಫೀಸರಿಗೆ ಹಾಕ್ಬೇಕು?”

ನಗು ಎದ್ದದ್ದು ಇಲ್ಲಿ. ಗಿರಿಧರನೂ ನಕ್ಕ, ಕನ್ನಡಕ ತೆಗೆದು ಒರೆಸಿಕೊಂಡ. “ಅದಕ್ಕೆ ಉತ್ತರ ಎಲ್ಲ ಬರಲ್ಲ ಮಾಮಾ. ನಾವಾದ್ರೆ ‘ಡೋಂಟ್ ಸೆಂಡ್’ ಒತ್ತಿ ಸುಮ್ನಾಗ್ತೀವಿ. ನೀವು ನೋಡ್ಕೊಳ್ಳಿ, ಆ ರಿಪೋರ್ಟ್ ಜೊತೇಲಿ ನೀವು ಆಗ ಟೈಪ್ ಮಾಡ್ತಿದ್ದ ಫೈಲಿನ ತುಣುಕೂ ಹೋಗಬಹುದು. ಬಾಕ್ಸಿನ ವಿವರ ಒತ್ತಿದ್ರೆ ಅವರೇ ಬರೆದಿರ್ತಾರೆ.”

ನಗು ನಿಂತಿತು. ರಾಯರು ಮನೆಯಲ್ಲಿ ಕೂತು ಏನು ಟೈಪ್ ಮಾಡುತ್ತಾರೆಂಬುದು ಆ ಹಾಲಿನಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಅವರು ಟೈಪ್ ಮಾಡುತ್ತಿದ್ದದ್ದು ಆ ಹಾಲಿನಲ್ಲಿದ್ದವರನ್ನೇ.

ರಾಯರು ಎಗ್ಮೋರಿನ ರೈಲ್ವೆ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತರಾಗಿದ್ದವರು. ಅವರು ಎಂಜಿನ್ ಓಡಿಸಲಿಲ್ಲ, ಹಸಿರು ಬಾವುಟ ಬೀಸಲಿಲ್ಲ, ರಿಪೋರ್ಟು ಕಳಿಸಿದರು. ಮೇಲಿನವರು ಕೇಳಿದರೆ ಕಳಿಸಬೇಕು, ಕಳಿಸಿದ್ದನ್ನು ದಾಖಲು ಮಾಡಬೇಕು. ಏಕೆ ಕೇಳುತ್ತಾರೆ, ಯಾರು ಓದುತ್ತಾರೆ ಎಂದು ವಿಚಾರಿಸಿದವರಿಗೆ ಪ್ರಮೋಷನ್ ಬಂದದ್ದನ್ನು ಅವರು ಕಂಡಿರಲಿಲ್ಲ. ನಿವೃತ್ತರಾದ ಮೇಲೆ ಮದರಾಸಿನ ಕನ್ನಡದವರ ಮಕ್ಕಳ ಜಾತಕ ಕೂಡಿಸುವ ಕೆಲಸ ಹಚ್ಚಿಕೊಂಡರು. ಒಂದು ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಲಗ್ನಪತ್ರಿಕೆಯ ದಿನ ಊಟಕ್ಕೆ ಕರೆದರೆ ಸಾಕಿತ್ತು. ಬಿಸ್ಕತ್ತಿನ ಡಬ್ಬಗಳಲ್ಲಿ ಜಾತಕಗಳು ಹಿಡಿಸದಾದಾಗ ರಿಚೀ ಸ್ಟ್ರೀಟಿನಿಂದ ಒಂದು ಜೋಡಿಸಿದ ಕಂಪ್ಯೂಟರು ತಂದರು. ಗಣ ನೋಡುವವರ ಮನೆಗೆ ಗಣಕ ಬಂದದ್ದು ಹಾಗೆ.

ಹೆಸರು, ಗೋತ್ರ, ನಕ್ಷತ್ರ, ಓದು, ಉದ್ಯೋಗ ಎಂದು ಕಾಲಂಗಳು. ಕೊನೆಯದು ಷರಾ. ಎಲ್ಲ ಇದ್ದದ್ದು ಆ ಷರಾದಲ್ಲೇ. ‘ಹುಡುಗ ಬಂಗಾರ, ತಾಯಿ ಕಬ್ಬಿಣ.’ ‘ಐದಡಿ ಏಳಂಗುಲ ಅನ್ನುತ್ತಾರೆ, ಬೂಟು ಬಿಚ್ಚಿಸಿ ನೋಡಬೇಕು.’ ‘ತಂದೆ ಮಾತು ಕೊಡುತ್ತಾರೆ, ಬೇರೇನೂ ಕೊಡುವುದಿಲ್ಲ.’ ಇವು ನಗುವಂಥವು. ನಗಲಾರದಂಥವೂ ಇದ್ದವು. ಯಾರ ಮನೆಯಲ್ಲಿ ಯಾರು ಮಾತ್ರೆ ನುಂಗುತ್ತಾರೆ, ಯಾರ ನಿಶ್ಚಿತಾರ್ಥ ಯಾಕೆ ಮುರಿಯಿತು ಎಲ್ಲವೂ. ಷರಾ ಕಾಲಂ ಒಂದಿದೆ ಎಂಬುದು ಹೆಂಡತಿ ಮಾಧವಿಯನ್ನು ಬಿಟ್ಟರೆ ಬೇರೆಯವರಿಗೆ ಗೊತ್ತಿರಲಿಲ್ಲ. ಆದರೆ ಊಹೆ ಎಲ್ಲರಿಗೂ ಇತ್ತು. ಆ ಭಾನುವಾರ ಹಾಲಿನ ತುಂಬ ಕುರ್ಚಿಗಳು ಸರಿದ ಸದ್ದು ಅದರದ್ದೇ. “ನಮ್ಮದೂ ಹೋಗಿದೆಯಾ ರಾಯರೇ?” ಎಂದು ಮೂರು ಕಡೆಯಿಂದ ಕೇಳಿದ್ದಕ್ಕೆ ರಾಯರು ಪಕ್ಕದ ಬಾಗಿಲಿನಿಂದ ಹೊರಟರು. ಆಟೋದಲ್ಲಿ ಕೂತ ಮೇಲೆ ಕಾಲು ನೋಡಿಕೊಂಡರೆ ಚಪ್ಪಲಿ ಬೇರೆ ಯಾರದ್ದೋ.

ಮನೆಗೆ ಬಂದು ರಿಜಿಸ್ಟರು ಬಿಚ್ಚಿದರು. ಅವರ ಅಚ್ಚುಕಟ್ಟೇ ಅವರಿಗೆ ಮುಳುವಾಯಿತು. ರೈಲು ನಿಂತರೆ ಯಾವ ಸರಕಿತ್ತು ಎಂದು ಬರೆಯಬೇಕಲ್ಲವೇ. ಹಾಗೇ, ಕಂಪ್ಯೂಟರು ನಿಂತಾಗ ಯಾರ ಜಾತಕ ತೆರೆದಿತ್ತು ಎಂಬುದನ್ನೂ ಅವರು ಬರೆದಿಟ್ಟಿದ್ದರು. ಕೊನೆಯ ನಮೂದಿಗೆ ಬಂದು ಬೆರಳು ನಿಂತಿತು. ಅರವತ್ತಮೂರು: ವಂದನಾ, ಇನ್ಷೂರೆನ್ಸ್ ರಾಮದಾಸರ ಮಗಳು.

“ಮಾಧವಿ, ನೀರು ಕೊಡು.”

ವಂದನಾಗೆ ಹತ್ತನೇ ವಯಸ್ಸಿನಲ್ಲಿ ಫಿಟ್ಸ್ ಬರುತ್ತಿತ್ತು. ಆರು ವರ್ಷ ಮಾತ್ರೆ ತೆಗೆದುಕೊಂಡು ಪೂರ್ತಿ ವಾಸಿಯಾಗಿತ್ತು. ಅವಳ ತಾಯಿ ಊರ್ಮಿಳಾ ಅದನ್ನು ಮಾಧವಿಯೊಬ್ಬಳಿಗೆ ಹೇಳಿದ್ದಳು, ಅಡುಗೆಮನೆಯಲ್ಲಿ, ಕಣ್ಣೊರೆಸಿಕೊಂಡು. ಮಾಧವಿ ಗಂಡನಿಗೆ ಹೇಳಿದಳು. ಗಂಡ ಷರಾ ಬರೆದರು. ವಂದನಾಗೆ ಈಗ ಮದುವೆ ಗೊತ್ತಾಗಿತ್ತು, ರಾಯರೇ ಕೂಡಿಸಿದ್ದು. ಹುಡುಗ ಬೇರೆ ಯಾರೂ ಅಲ್ಲ, ಬೆಳಿಗ್ಗೆ ಭಾಷಣ ಮಾಡಿದ ಗಿರಿಧರನೇ.

ಮಾಧವಿ ಸಮಾಧಾನ ಹೇಳಿದಳು. “ಅಯ್ಯೋ ಬಿಡಿ. ಅಮೆರಿಕಾದಲ್ಲಿ ಕೂತ ಯಾವನೋ ಬಿಳಿಯನಿಗೆ ನಮ್ಮ ವಂದನಾನ ಕಟ್ಕೊಂಡು ಏನಾಗ್ಬೇಕು?”

“ಬಿಳಿಯ ಎಲ್ಲಿದಾನೆ? ಆ ಕಂಪನೀಲೆಲ್ಲ ಕೂತಿರೋದು ನಮ್ಮ ಹುಡುಗ್ರೇ ಅಲ್ವೇನೆ? ಯಾವನೋ ಒಬ್ಬ ಬಸವನಗುಡಿಯೋನು ಅದನ್ನ ಓದ್ತಾನೆ. ಭಾನುವಾರ ಅಮ್ಮಂಗೆ ಫೋನ್ ಮಾಡ್ತಾನೆ. ಅಲ್ಲಿಂದ ಗಿರಿಧರನ ತಾಯಿಗೆ ಎಷ್ಟು ದೂರ? ಎರಡೇ ಮದುವೆಮನೆ!”

ಈ ಲೆಕ್ಕ ತಪ್ಪೆಂದು ಹೇಳುವ ಧೈರ್ಯ ಮಾಧವಿಗಿರಲಿಲ್ಲ.

ಅಳಿಸಿಬಿಡೋಣವೆಂದರೆ, ಊರವರಿಗೆಲ್ಲ ಅಳಿಯಂದಿರನ್ನು ಹುಡುಕಿಕೊಟ್ಟ ರಾಯರಿಗೆ ಹೋದದ್ದನ್ನು ಅಳಿಸುವುದು ತಿಳಿಯದು. ಯಾರಾದರೂ ಹೇಳುವ ಮೊದಲು ತಾವೇ ಹೋಗಿ ಹೇಳಿ, ಕ್ಷಮೆ ಕೇಳುವುದು ಮರ್ಯಾದೆ. ರಿಜಿಸ್ಟರನ್ನು ಮತ್ತೆ ಕಂಕುಳಿಗೇರಿಸಿ, ಪರರ ಚಪ್ಪಲಿಯಲ್ಲೇ ಹೊರಟರು.

ರಾಮದಾಸರ ಎಗ್ಮೋರಿನ ಫ್ಲಾಟಿನ ಬಾಗಿಲು ತೆಗೆದದ್ದು ಊರ್ಮಿಳಾ. ಹಣೆಯಲ್ಲಿ ಬೆವರು, ಮುಖದಲ್ಲಿ ಮದುವೆಮನೆಯ ಕಳೆ. “ಬನ್ನಿ ಮಾಮಾ! ಸರಿಯಾದ ಟೈಮಿಗೆ ಬಂದ್ರಿ. ಇವರು ಸಿಹಿ ತರೋಕೆ ಹೋಗಿದಾರೆ. ಕಾಫಿ ಹಾಕ್ಲಾ?”

ಕಾಫಿ ಕುಡಿದರೆ ಬಾಯಿ ಕಟ್ಟಿಹೋಗುತ್ತದೆಂದು ರಾಯರಿಗೆ ಗೊತ್ತಿತ್ತು. ನಿಂತಲ್ಲೇ ಹೇಳಿದರು. “ಊರ್ಮಿಳಾ, ದೊಡ್ಡ ತಪ್ಪಾಗೋಯ್ತಮ್ಮಾ. ವಂದನಾ ವಿಷಯ ಹೊರಗೆ ಹೋಗಿದೆ.”

“ಯಾವ ವಿಷಯ?”

“ಅದೇ, ಚಿಕ್ಕವಳಿದ್ದಾಗ ಫಿಟ್ಸ್ ಬರ್ತಿತ್ತಲ್ಲ. ಕಂಪ್ಯೂಟರ್‌ನಲ್ಲಿ ಬರೆದಿಟ್ಟಿದ್ದೆ. ಅದು ಅಮೆರಿಕಾಗೆ ಹೋಗ್ಬಿಟ್ಟಿದೆ.”

ಊರ್ಮಿಳಾ ಗೋಡೆ ಹಿಡಿದುಕೊಂಡಳು. ಆಮೇಲೆ ಅಂದದ್ದು ರಾಯರು ದಾರಿಯುದ್ದಕ್ಕೂ ಉತ್ತರ ಸಿದ್ಧಮಾಡಿಕೊಂಡಿದ್ದ ಪ್ರಶ್ನೆಯಲ್ಲ.

“ಅಮೆರಿಕಾ ಹಾಳಾಗೋಗ್ಲಿ. ನಾನು ಮಾಮಿಗೆ ಹೇಳಿದ್ದನ್ನ ನೀವ್ಯಾಕೆ ಬರ್ಕೊಂಡ್ರಿ?”

“ಮರೆತುಹೋಗ್ಬಾರ್ದು ಅಂತ.”

“ಮರೆತುಹೋಗ್ಲಿ ಅಂತ್ಲೇ ನಾವು ಹದಿನಾಲ್ಕು ವರ್ಷ ಒದ್ದಾಡಿದ್ದು, ಮಾಮಾ.”

ಯಾರ ಕೈಗೂ ಸಿಗಬಾರದೆಂದು ಅಷ್ಟು ದಿನ ಕಾಪಾಡಿದ್ದ ಕಾಲಂ ಯಾರಿಗಾಗಿ ಇತ್ತು ಎಂಬುದು ರಾಯರಿಗೆ ಥಟ್ಟನೆ ಮರೆತೇಹೋಯಿತು. ಅಷ್ಟರಲ್ಲಿ ಬಾಲ್ಕನಿಯ ಬಾಗಿಲು ಸರಿಯಿತು. ಒಳಗೆ ಬಂದದ್ದು ಗಿರಿಧರ್, ಕೈಯಲ್ಲಿ ಲಗ್ನಪತ್ರಿಕೆಯ ಮಾದರಿ. ಹಿಂದೆಯೇ ವಂದನಾ. ಇಬ್ಬರೂ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಊರ್ಮಿಳಾ ಹಾಗೇ ಕುರ್ಚಿಯ ಮೇಲೆ ಕುಸಿದಳು. ರಾಯರಿಗೆ ರಿಜಿಸ್ಟರಿನ ಹಿಂದೆ ಮುಖ ಮುಚ್ಚಿಕೊಳ್ಳಬೇಕೆನಿಸಿತು. ಜಾತಕ ಕೂಡಿಸಲು ಹೋಗಿ ಪಾತಕ ಮಾಡಿದೆನಲ್ಲಾ ಎಂದುಕೊಂಡರು.

“ನನಗೆ ಗೊತ್ತು ಆಂಟಿ,” ಎಂದ ಗಿರಿಧರ್. “ವಂದನಾನೇ ಹೇಳಿದಾಳೆ. ನಮ್ಮಮ್ಮಂಗೂ ಹೇಳಿದೀನಿ.”

“ಯಾವಾಗ ಹೇಳಿದ್ಲು?”

“ಹೋದ ತಿಂಗಳು. ಬೆಸೆಂಟ್ ನಗರ ಬೀಚಲ್ಲಿ.”

ಊರ್ಮಿಳಾ ಎದ್ದು ನಿಂತಳು. “ಬೀಚಿಗೆ ಯಾವಾಗೇ ಹೋದ್ರಿ ನೀವು?”

“ಅಮ್ಮಾ, ಪ್ಲೀಸ್ ಮಾ, ವಿಡು,” ಎಂದಳು ವಂದನಾ, ತಮಿಳಿನಲ್ಲಿ. ಆಮೇಲೆ ರಾಯರ ಕಡೆ ತಿರುಗಿ ಕನ್ನಡಕ್ಕೆ ಬಂದಳು. “ಮಾಮಾ, ನನ್ನ ಲೈನ್ ತೆಗೆದುಹಾಕ್ಬಿಡಿ. ಪೂರ್ತಿ. ನನಗೆ ಅದು ಇಷ್ಟ ಇಲ್ಲ.” ಸಿಟ್ಟಿರಲಿಲ್ಲ ಆ ದನಿಯಲ್ಲಿ, ಇದ್ದಿದ್ದರೆ ರಾಯರಿಗೆ ಹಗುರಾಗುತ್ತಿತ್ತು.

“ತೆಗೀತೀನಮ್ಮಾ. ಎಲ್ಲಾರದ್ದೂ ತೆಗೀತೀನಿ. ಎಲ್ಲಾರ ಮನೆಗೂ ಹೋಗಿ ಹೇಳಿ ಬರ್ತೀನಿ. ಮಧ್ಯಾಹ್ನದಿಂದ ಆಗ್ಲೇ ನಾಲ್ಕು ಮನೆ ಮುಗೀತು.”

ಗಿರಿಧರ್ ಗಾಬರಿಯಾದ. “ನಾಲ್ಕು ಮನೇಲಿ ಏನು ಹೇಳಿದ್ರಿ?”

“ಇದ್ದದ್ದು ಇದ್ದ ಹಾಗೆ. ತಿರುಮಲನ ಮನೇಲಿ ಮಾತ್ರ ಸ್ವಲ್ಪ ಗಲಾಟೆ ಆಯ್ತು. ಅವನಿಗೆ ಮೊದ್ಲು ಒಂದು ನಿಶ್ಚಿತಾರ್ಥ ಮುರಿದಿದ್ದು ಅವನ ಹೆಂಡ್ತಿಗೆ ಗೊತ್ತಿರಲಿಲ್ವಂತೆ. ಈಗ ಗೊತ್ತಾಯ್ತು.”

ಊರ್ಮಿಳಾ ಬಾಯಿಗೆ ಸೆರಗು ಒತ್ತಿಕೊಂಡಳು.

“ಮಾಮಾ, ಇನ್ನೊಂದು ಮನೆಗೆ ಹೋಗ್ಬೇಡಿ, ಕೂತ್ಕೊಳ್ಳಿ,” ಎಂದು ಗಿರಿಧರ್ ಅವರ ಕೈಯಿಂದ ರಿಜಿಸ್ಟರು ತೆಗೆದುಕೊಂಡ. “ನಿಜವಾಗ್ಲೂ ಏನೇನು ಹೋಗಿದೆ ಅಂತ ಮೊದ್ಲು ನೋಡೋಣ. ನಿಮ್ಮನೇಲಿ ಇಂಟರ್ನೆಟ್ ಯಾವುದು, ಡಯಲ್‌ಅಪ್ಪಾ, ಬ್ರಾಡ್‌ಬ್ಯಾಂಡಾ?”

“ಇಂಟರ್ನೆಟ್ಟಾ?” ಎಂದರು ರಾಯರು. “ಅದು ನಮ್ಮನೇಲಿ ಇಲ್ಲಪ್ಪಾ. ಜಾತಕ ಟೈಪ್ ಮಾಡೋಕೆ ಅದೆಲ್ಲ ಯಾಕೆ?”