ಟೀವಿಗೆ ಕುಂಕುಮವಿಟ್ಟ ತಪ್ಪಿಗೆ

ನಮ್ಮ ಮನೆಯ ಟೀವಿಗೆ ಮೂರು ವರ್ಷಗಳ ಕಾಲ ನಾನು ಒಂದೇ ಉತ್ತರ ಕೊಟ್ಟುಕೊಂಡು ಬಂದೆ: ‘ಆಮೇಲೆ’. ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ, ಸರಿಯಾಗಿ ವಾರ್ತೆಯ ಹೊತ್ತಿಗೆ, ಅದು ಪರದೆಯ ಮೂಲೆಯಲ್ಲಿ ಒಂದು ಚೌಕ ತೆರೆದು, ಹೊಸ ಸಾಫ್ಟ್‌ವೇರ್ ಬಂದಿದೆ, ಈಗಲೇ ಹಾಕಿಕೊಳ್ಳಲೋ ಆಮೇಲೋ ಎಂದು ಕೇಳುತ್ತಿತ್ತು. ನಾನು ‘ಆಮೇಲೆ’ ಒತ್ತುತ್ತಿದ್ದೆ. ಅದು ಸುಮ್ಮನಾಗುತ್ತಿತ್ತು. ನಮ್ಮ ಮನೆಯಲ್ಲಿ ನನ್ನ ಮಾತಿಗೆ ಎದುರಾಡದೆ ತಲೆಬಾಗುತ್ತಿದ್ದುದು ಅದೊಂದೇ ಆದ್ದರಿಂದ ಅದರ ಮೇಲೆ ನನಗೆ ವಿಶೇಷ ಮಮತೆಯಿತ್ತು.

ಇದೆಲ್ಲ ಸೋಮಾರಿತನ ಎನ್ನುತ್ತಾಳೆ ನನ್ನ ಹೆಂಡತಿ ಜಯಮ್ಮ. ಅಲ್ಲ, ಇದು ಕಸುಬಿನಿಂದ ಬಂದ ಬುದ್ಧಿ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ವಿಭಾಗದವನು. ಕೆಟ್ಟ ಯಂತ್ರವನ್ನು ಸರಿಮಾಡುವುದು ನಮ್ಮ ಕೆಲಸ. ಸರಿಯಿರುವ ಯಂತ್ರದ ತಂಟೆಗೆ ಹೋಗದಿರುವುದು ನಮ್ಮ ಧರ್ಮ. ನಮ್ಮಲ್ಲಿ ನನಗಿಂತ ಎರಡು ವರ್ಷ ಹಿರಿಯದಾದ ಒಂದು ಲೇತ್ ಇದೆ. ಅದು ಯಾವ ದೇಶದಿಂದ ಬಂತೋ ಆ ದೇಶವೇ ಈಗ ಆ ಹೆಸರಿನಲ್ಲಿಲ್ಲ. ಜೊತೆಗೆ ಬಂದ ಪುಸ್ತಕವನ್ನು ಓದಬಲ್ಲವರು ತುಮಕೂರು ರಸ್ತೆಯ ಉದ್ದಕ್ಕೂ ಹುಡುಕಿದರೆ ಒಬ್ಬರೂ ಸಿಗಲಾರರು. ಆದರೂ ಅದು ದಿನಕ್ಕೆರಡು ಪಾಳಿ ದುಡಿಯುತ್ತದೆ. ಅದರ ಗೇರಿನ ಹಲ್ಲು ಸವೆದರೆ ಪಕ್ಕದ ಯಂತ್ರದಲ್ಲಿ ನಾವೇ ಹೊಸ ಗೇರು ಕಡೆದು ಕೂರಿಸುತ್ತೇವೆ. ಇಂಥ ಕಡೆ ದುಡಿದವನಿಗೆ ಮೂರು ವರ್ಷದ ಟೀವಿಯನ್ನು ‘ಹಳೆಯ ಮಾದರಿ’ ಎಂದು ಕರೆಯುವವರನ್ನು ಕಂಡರೆ ಮೊದಲು ನಗು ಬರುತ್ತದೆ, ಆಮೇಲೆ ಸಿಟ್ಟು ಬರುತ್ತದೆ.

ಆ ಟೀವಿ ನಮ್ಮ ಮಾಕಳಿಯ ಮನೆಗೆ ಬಂದದ್ದು ನಾಗಸಂದ್ರದ ಕಡೆ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲದಲ್ಲಿ. ಸ್ಮಾರ್ಟ್ ಟೀವಿ ಎಂಬ ಮಾತೇ ಆಗ ನಮ್ಮ ಬೀದಿಗೆ ಹೊಸದು. ಅಂಗಡಿಯವನು ಅದರ ನೂರೆಂಟು ಗುಣಗಳನ್ನು ಕೊಂಡಾಡಿದ. ಅವುಗಳಲ್ಲಿ ನಾವು ಬಳಸಿಕೊಂಡದ್ದು ಎರಡು. ಒಂದು, ಎಲ್ಲರೂ ಮಾಡುವಂತೆ ಧಾರಾವಾಹಿ ನೋಡುವುದು. ಇನ್ನೊಂದು ವಿಡಿಯೋ ಕರೆ. ಟೀವಿಯ ಮೇಲಂಚಿನ ನಟ್ಟನಡುವೆ, ನಮಗೆ ಹಣೆ ಇರುವ ಜಾಗದಲ್ಲಿ, ಕಡಲೆಕಾಳಿನಷ್ಟು ಕ್ಯಾಮೆರಾ ಇತ್ತು. ಎದುರು ಕೂತು ಮಾತಾಡಿದರೆ ದೂರದವರು ಆಳೆತ್ತರ ಕಾಣಿಸುತ್ತಿದ್ದರು. ಇದನ್ನು ನಾವು ನಮಗಾಗಿ ಬಳಸಿದ್ದು ಕಡಿಮೆ. ಜಯಮ್ಮನ ತಂಗಿ ಒಮ್ಮೆ ಕರೆ ಮಾಡಿ, ನಮ್ಮ ಗೋಡೆಯ ಸುಣ್ಣ ಉದುರಿದ್ದನ್ನು ಗುರುತಿಸಿ ಹೇಳಿದ ಮೇಲೆ ಆ ಬಳಗದೊಡನೆ ಮಾತು ಮತ್ತೆ ಫೋನಿಗೇ ಮರಳಿತು.

ಆ ವಿಡಿಯೋ ಕರೆ ನಿಜವಾಗಿ ಬೇಕಾಗಿದ್ದುದು ನಮ್ಮ ಮಹಡಿಯ ಮೇಲಿನವರಿಗೆ. ಮೇಲಿನ ಎರಡು ಕೋಣೆಗಳಲ್ಲಿ ದ್ಯಾಮಣ್ಣ, ಫಕೀರವ್ವ ಎಂಬ ಗಂಡಹೆಂಡಿರು ಬಾಡಿಗೆಗಿದ್ದಾರೆ. ಕೊಪ್ಪಳದ ಕಡೆಯವರು. ಅವನು ಗಾರೆ ಕೆಲಸದವನು, ಅವಳು ಹತ್ತಿರದ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗಿಗೆ ಹೋಗುತ್ತಾಳೆ. ಅವರ ಒಬ್ಬಳೇ ಮಗಳು ನಿಂಗಿಗೆ ಹುಟ್ಟಿನಿಂದಲೂ ಕಿವಿ ಕೇಳಿಸದು. ಹಾಗಾಗಿ ಮಾತೂ ಬರಲಿಲ್ಲ. ಒಂಬತ್ತು ವರ್ಷದವರೆಗೆ ಆ ಮೂವರೂ ಸೇರಿ ತಮ್ಮದೇ ಒಂದು ಕೈಮಾತು ಕಟ್ಟಿಕೊಂಡಿದ್ದರು. ಮೀಸೆ ತಿರುವಿದರೆ ಅಪ್ಪ, ಮೂಗುಬೊಟ್ಟಿನ ಜಾಗ ಮುಟ್ಟಿದರೆ ಅವ್ವ, ಅಂಗೈಗಳನ್ನು ತಟ್ಟಿದರೆ ರೊಟ್ಟಿ. ನಾನೆಂದರೆ ಗಾಳಿಯಲ್ಲಿ ಸ್ಪ್ಯಾನರ್ ತಿರುಗಿಸುವುದು. ಜಯಮ್ಮನಿಗೆ ಲೋಟ ಎತ್ತಿ ತೋರಿಸುತ್ತಿದ್ದಳು, ಏಕೆಂದರೆ ಆ ಮಗು ಕೆಳಗೆ ಬಂದಾಗಲೆಲ್ಲ ಇವಳು ಹಾಲು ಕೊಡುತ್ತಿದ್ದಳು. ಈ ನಿಘಂಟು ಇಡೀ ಭೂಮಿಯ ಮೇಲೆ ಗೊತ್ತಿದ್ದುದು ಮೂರು ಜನಕ್ಕೆ. ನಮ್ಮನ್ನು ಅರ್ಧರ್ಧ ಲೆಕ್ಕ ಹಿಡಿದರೆ ನಾಲ್ಕು ಜನಕ್ಕೆ.

ಆಮೇಲೆ ನಿಂಗಿಯನ್ನು ಮೈಸೂರಿನ ಕಡೆಯ ಒಂದು ವಸತಿಶಾಲೆಗೆ ಸೇರಿಸಿದರು. ಒಳ್ಳೆಯ ಶಾಲೆ. ಭಾನುವಾರ ಸಂಜೆ ನಾಲ್ಕಕ್ಕೆ ಅಲ್ಲಿನ ವಾರ್ಡನ್ ಮೇಡಂ ಕಚೇರಿಯ ಕಂಪ್ಯೂಟರನ್ನು ಮಕ್ಕಳಿಗೆ ಬಿಟ್ಟುಕೊಡುತ್ತಿದ್ದರು. ಇಲ್ಲಿ ದ್ಯಾಮಣ್ಣ ಮಿಂದು ಇಸ್ತ್ರಿ ಅಂಗಿ ತೊಟ್ಟು, ಫಕೀರವ್ವ ಹೂ ಮುಡಿದು, ನಮ್ಮ ನಡುಮನೆಯಲ್ಲಿ ಚಾಪೆಯ ಮೇಲೆ ಕೂರುತ್ತಿದ್ದರು. ನನ್ನ ಫೋನಿನಲ್ಲೇ ಮಾತಾಡಬಹುದಲ್ಲ ಎಂದು ನಾನೇ ಮೊದಲು ಹೇಳಿದ್ದೆ. ಪ್ರಯತ್ನಿಸಿದ ಮೇಲೆ ನನ್ನ ದಡ್ಡತನ ತಿಳಿಯಿತು. ಕೈಯಿಂದ ಮಾತಾಡುವವರು ಒಂದು ಕೈಯಲ್ಲಿ ಫೋನ್ ಹಿಡಿದರೆ ಅರ್ಧ ಮಾತು ಅಲ್ಲೇ ಹೋಯಿತು. ಆ ಪುಟ್ಟ ಪರದೆಯಲ್ಲಿ ಬೆರಳುಗಳೆಲ್ಲ ಕಲಸಿಹೋಗುತ್ತಿದ್ದವು. ಟೀವಿಯಲ್ಲಿ ಹಾಗಲ್ಲ, ನಿಂಗಿ ಎದುರಿಗೇ ನಿಂತಂತೆ, ಹತ್ತೂ ಬೆರಳು ಎಣಿಸುವ ಹಾಗೆ ಕಾಣುತ್ತಿದ್ದಳು. ಅರ್ಧ ಗಂಟೆ ನಮ್ಮ ನಡುಮನೆಯಲ್ಲಿ ಒಂದೇ ಒಂದು ಶಬ್ದವಿಲ್ಲದೆ ಮಹಾ ಗಲಾಟೆ ನಡೆಯುತ್ತಿತ್ತು.

ಆ ವರ್ಷ ದಸರೆಯಲ್ಲಿ ನಿಂಗಿಯ ಶಾಲೆಯ ಮಕ್ಕಳದೊಂದು ಕುಣಿತವಿತ್ತು. ಹಾಗಾಗಿ ಅವಳು ರಜೆಗೆ ಬಂದಿರಲಿಲ್ಲ. ಹಬ್ಬ ಮುಗಿದ ಭಾನುವಾರ ಅದರ ಕಥೆ ಹೇಳುವವಳಿದ್ದಳು. ಈ ನಡುವೆ ಆಯುಧಪೂಜೆ ಬಂತು.

ಪೀಣ್ಯದವರಿಗೆ ಆಯುಧಪೂಜೆಯೆಂದರೆ ಏನೆಂದು ಬೇರೆಯವರಿಗೆ ಹೇಳಿ ತಿಳಿಸುವುದು ಕಷ್ಟ. ಅಂದು ಡ್ರಿಲ್ಲಿಂಗ್ ಯಂತ್ರವೂ ಮದುಮಗನೇ. ಪ್ರತಿ ವರ್ಷ ಕಾರ್ಖಾನೆಯ ಪೂಜೆಗೆ ಮುಂದಾಳು ನಾನು. ಪ್ರತಿ ವರ್ಷವೂ ಹಿಂದಿನ ದಿನ ಸೂಚನಾ ಫಲಕದಲ್ಲಿ ನಾನೇ ನನ್ನ ಕೈಬರಹದಲ್ಲಿ ಬರೆದು ಹಾಕುತ್ತೇನೆ: ‘ಸೆನ್ಸರ್‌ಗಳ ಮೇಲೆ ಕುಂಕುಮ, ವಿಭೂತಿ ಹಚ್ಚಬಾರದು.’ ಹಾಗೆ ಬರೆದು, ಅಲ್ಲಿ ಪೂಜೆ ಮುಗಿಸಿ, ಮನೆಗೆ ಬಂದು, ಅದೇ ಹುರುಪಿನಲ್ಲಿ ಸ್ಕೂಟರು, ಮಿಕ್ಸಿ, ಹೊಲಿಗೆ ಯಂತ್ರಗಳಿಗೆ ಬೊಟ್ಟಿಟ್ಟು, ಟೀವಿಯ ಮುಂದೆ ನಿಂತೆ. ಹಣೆ ಎಲ್ಲಿದೆಯೆಂದು ನೋಡಿದೆ. ಇರಬೇಕಾದ ಜಾಗದಲ್ಲೇ ಇತ್ತು. ನೀರಲ್ಲಿ ಕಲಸಿದ ಕುಂಕುಮವನ್ನು ಭಕ್ತಿಯಿಂದ ಒತ್ತಿದೆ. ಪೂಜೆಗೆ ಇಟ್ಟದ್ದನ್ನು ಕೂಡಲೇ ಮುಟ್ಟಬಾರದೆಂಬ ಪದ್ಧತಿಯಿಂದ ಬಳಿಕ ಯಾರೂ ಅದರ ಹತ್ತಿರ ಹೋಗಲಿಲ್ಲ.

ಭಾನುವಾರ ನಾಲ್ಕಕ್ಕೆ ಕರೆ ಹಚ್ಚಿದೆವು. ನಿಂಗಿ ನಮಗೆ ಚೆನ್ನಾಗಿ ಕಾಣುತ್ತಿದ್ದಳು. ಅವಳಿಗೆ ಮಾತ್ರ ನಾವು ಕಾಣುತ್ತಿರಲಿಲ್ಲ. ನಮ್ಮ ಕಡೆಯ ಚಿತ್ರವೆಲ್ಲ ಕೆಂಪು ಮಬ್ಬು. ಹುಡುಗಿ ಕಣ್ಣುಜ್ಜಿಕೊಂಡು, ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು, ಎಲ್ಲಿ, ಎಲ್ಲಿ ಎಂದು ಕೈ ತಿರುಗಿಸಿ ಕೇಳಿದಳು. ಕೊನೆಗೆ ಅಳುಮೋರೆ ಮಾಡಿಕೊಂಡು ಎದ್ದುಹೋದಳು. ಇಷ್ಟು ದಿನ ‘ಆಮೇಲೆ’ ಎಂದದ್ದಕ್ಕೆ ಕಂಪನಿಯವರು ಸೇಡು ತೀರಿಸಿಕೊಂಡರೆಂದೇ ನಾನು ನಂಬಿದೆ. ಗ್ರಾಹಕ ಸೇವೆಗೆ ಫೋನ್ ಮಾಡಿ, ಮೂವತ್ತು ವರ್ಷದ ಅನುಭವದ ಭಾರವನ್ನೆಲ್ಲ ದನಿಗೆ ತುಂಬಿ ಜಗಳ ತೆಗೆದೆ. ಆ ಕಡೆಯ ಹುಡುಗಿ ಒಂದು ಸಲವೂ ದನಿ ಏರಿಸಲಿಲ್ಲ.

“ನಿಮ್ಮ ಟೀವೀಲಿ ಸಾಫ್ಟ್‌ವೇರ್ ಅಪ್‌ಡೇಟೇ ಆಗಿಲ್ಲ ಸರ್. ಒಂದ್ಸಲ ಮಾಡ್ನೋಡಿ, ಸರಿಹೋಗ್ಬಹುದು.”

ಜೀವನದಲ್ಲಿ ಮೊದಲ ಬಾರಿಗೆ ‘ಈಗಲೇ’ ಎಂಬ ಗುಂಡಿ ಒತ್ತಿದೆ. ಟೀವಿ ಅರ್ಧ ಗಂಟೆ ಒಂದು ಚಕ್ರವನ್ನು ತಿರುಗಿಸಿ ಕಣ್ಣು ಬಿಟ್ಟಿತು. ಅಷ್ಟರಲ್ಲಿ ಒಳಗಿನಿಂದ ಬಂದ ಜಯಮ್ಮ ಟೀವಿಯನ್ನೂ ನನ್ನನ್ನೂ ಒಮ್ಮೆ ನೋಡಿ, ಸೆರಗಿನ ತುದಿಯನ್ನು ಒದ್ದೆ ಮಾಡಿ, ಕ್ಯಾಮೆರಾದ ಮೇಲಿನ ಬೊಟ್ಟನ್ನು ಒರೆಸಿಬಿಟ್ಟಳು.

“ಇಂಗೆ ಕಣ್ಣಿಗೇ ಕುಂಕುಮ ಮೆತ್ತುದ್ರೆ ಅದ್ಕಾದ್ರೂ ಏನ್ ಕಾಣ್ತದೆ?” ಎಂದಳು.

ಕ್ಯಾಮೆರಾ ಸರಿಯಾಯಿತು. ಆದರೆ ಕರೆಯ ಗುಂಡಿಯೇ ಇರಲಿಲ್ಲ. ಅದಿದ್ದ ಜಾಗದಲ್ಲಿ ಹವಾಮಾನ ತಿಳಿಸುವ ಒಂದು ಮೋಡದ ಚಿತ್ರ ಬಂದು ಕೂತಿತ್ತು. ಮತ್ತೆ ಫೋನ್ ಮಾಡಿದೆ. ಅದೃಷ್ಟಕ್ಕೆ ಅದೇ ಹುಡುಗಿ ಸಿಕ್ಕಳು. ಈ ಸಲ ನನ್ನ ದನಿಯಲ್ಲಿ ಅನುಭವದ ಭಾರ ಇರಲಿಲ್ಲ.

“ಹಳೇ ಮಾಡೆಲ್‌ಗೆ ವಿಡಿಯೋ ಕಾಲ್ ಸಪೋರ್ಟ್ ನಿಲ್ಸಿದಾರೆ ಸರ್. ಹೊಸ ವರ್ಷನ್ನಲ್ಲಿ ಅದು ಬರಲ್ಲ.”

“ಹಳೇ ವರ್ಷನ್ನೇ ವಾಪಸ್ ಹಾಕ್ಕೊಡಮ್ಮ. ನಾನೇನೂ ಬೇಜಾರ್ ಮಾಡ್ಕೊಳಲ್ಲ.”

“ಆಗಲ್ಲ ಸರ್.” ಆಮೇಲೆ ದನಿ ತಗ್ಗಿಸಿ ಹೇಳಿದಳು: “ನಮ್ಮನೇಲೂ ಇದೇ ಟೀವಿ ಸರ್. ನಾನಿನ್ನೂ ಅಪ್‌ಡೇಟ್ ಮಾಡಿಲ್ಲ.”

ಅವಳ ಮೇಲೆ ಸಿಟ್ಟು ಬರಲಿಲ್ಲ. ಯಾರೋ ತೆಗೆದುಕೊಂಡ ತೀರ್ಮಾನಕ್ಕೆ ದಿನವಿಡೀ ಕ್ಷಮೆ ಕೇಳುವುದು ಅವಳ ಪಾಳಿಯ ಕೆಲಸ. ಮೇಲಿನವರಿಗೆ ಸುದ್ದಿ ಹೇಳುವುದು ನನ್ನ ಪಾಲಿಗೆ ಬಂತು. ಕುಂಕುಮದ ವಿಷಯವನ್ನೂ ಮುಚ್ಚಿಡದೆ ಹೇಳಿದೆ. ದ್ಯಾಮಣ್ಣ, “ಇರ್ಲಿ ಬಿಡ್ರಿ, ದೇವರ ಕೆಲಸಕ್ಕ ಹೋಗಿ ಆಗೇತಿ” ಎಂದು ನನ್ನನ್ನೇ ಸಮಾಧಾನ ಮಾಡಿದ. ಫಕೀರವ್ವನಿಗೆ ಅದು ಸಾಲಲಿಲ್ಲ.

“ಸಾಲ್ಯಾಗ ಬ್ಯಾರೆ ಕೈಮಾತು ಕಲಸ್ತಾರ್ರೀ ಅಣ್ಣಾರ. ಚಲೋನ ಆತು, ಕಲೀಲಿ. ಆದ್ರ ವಾರಕ್ಕೊಮ್ಮಿ ನಮ್ಮ ಮಾರಿ ಕಾಣ್ಲಿಲ್ಲಂದ್ರ ನಮ್ಮ ಮಾತು ಮರತ ಬಿಡ್ತಾಳ. ಆಮ್ಯಾಲ ಮನಿಗೆ ಬಂದ್ರ ಅಕಿ ಕೂಡ ಹೆಂಗ ಮಾತಾಡೂನು?”

ಕಚ್ಚಾ ಮಾಲು ಕೆಟ್ಟರೆ ಬೇರೆ ತರಬಹುದು, ಗೇರು ಹೋದರೆ ಕಡೆಯಬಹುದು. ಒಂದು ಮಗು ತಾಯಿಯ ಮಾತನ್ನು ಮರೆತರೆ ಅದನ್ನು ಕಡೆದು ಕೊಡುವ ಲೇತ್ ಯಾವ ದೇಶದ್ದೂ ಇಲ್ಲ. ನನಗೆ ನಿಜವಾಗಿಯೂ ದುಃಖವಾಯಿತು. ಆ ತಿಂಗಳು ನಾನು ಅವರಿಗೆ ಎದುರಾಗುವುದನ್ನು ತಪ್ಪಿಸಲು ಹಿತ್ತಿಲ ಬಾಗಿಲಿನಿಂದ ಓಡಾಡಿದೆ. ಸ್ವಂತ ಮನೆಗೆ ಕಳ್ಳನ ಹಾಗೆ ಬಂದು ಹೋಗುವ ಮಾಲೀಕ ಇಡೀ ಮಾಕಳಿಯಲ್ಲಿ ನಾನೊಬ್ಬನೇ ಇದ್ದಿರಬೇಕು.

ಹಿತ್ತಿಲ ದಾರಿ ಕೆರೆ ಏರಿಯ ಮೇಲೆ ಹಾಯುತ್ತದೆ. ಅಲ್ಲೊಂದು ವೀರಗಲ್ಲಿದೆ. ನಾನು ಚಿಕ್ಕವನಿದ್ದಾಗ ಅದರ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದೆವು. ಒಮ್ಮೆ ಕಾಲೇಜಿನ ಮೇಷ್ಟ್ರೊಬ್ಬರು ಬಂದು, ನಮ್ಮನ್ನು ಎಬ್ಬಿಸಿ, ಕಲ್ಲಿಗೆ ನೀರು ಹೊಯ್ದು ಅಕ್ಷರ ಓದಿದ್ದರು. ಅದರಲ್ಲಿ ನಮ್ಮ ಶಾಲೆಯ ಅಕ್ಷರಮಾಲೆಯಲ್ಲಿ ಇಲ್ಲದ ಎರಡು ಅಕ್ಷರಗಳಿದ್ದವು. ಅವು ಎಂದೋ ಬಳಕೆ ತಪ್ಪಿದವಂತೆ. ಕನ್ನಡವೂ ಹೀಗೆ ಹಳೆಯದನ್ನು ಬಿಟ್ಟು ಹೊಸದನ್ನು ಹಾಕಿಕೊಳ್ಳುತ್ತಲೇ ಬಂದಿದೆ. ಇಲ್ಲದಿದ್ದರೆ ನಾನು ಜಯಮ್ಮನೊಡನೆ ಹಳಗನ್ನಡದಲ್ಲಿ ಜಗಳವಾಡಬೇಕಿತ್ತು. ಬದಲಾಗಬಾರದೆಂದು ನಾನೂ ಹೇಳುವುದಿಲ್ಲ. ಆದರೆ ಆ ಕಲ್ಲನ್ನು ಯಾರೂ ಬಂದು ಒರೆಸಲಿಲ್ಲ. ಓದಬೇಕೆನ್ನುವವರಿಗೆ ಅದು ಈಗಲೂ ಅಲ್ಲೇ ನಿಂತಿದೆ.

ಹೀಗೆ ನಾಲ್ಕು ಭಾನುವಾರ ಕಳೆದವು. ಕೊನೆಗೆ ಕಾರ್ಖಾನೆಯ ಸ್ಟೋರಿನ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಒಂದು ಕಂಪ್ಯೂಟರನ್ನು ಮ್ಯಾನೇಜರರಿಗೆ ಹೇಳಿ ಕೇಳಿಕೊಂಡು ಬಂದೆ. ಬಿಚ್ಚಿದೆ, ಊದಿದೆ, ಜೋಡಿಸಿದೆ. ಒಂದು ಕ್ಯಾಮೆರಾ ಸಿಕ್ಕಿಸಿದೆ. ಅಲ್ಲಿಂದ ಟೀವಿಗೆ ಒಂದು ಕೇಬಲ್ ಎಳೆದೆ. ಈಗ ನಮ್ಮ ಸ್ಮಾರ್ಟ್ ಟೀವಿಯ ಕೆಲಸ ಬರೀ ತೋರಿಸುವುದು. ಬುದ್ಧಿಯೆಲ್ಲ ಕೆಳಗಿನ ಡಬ್ಬಿಯದು. ಮೆಂಟೆನೆನ್ಸಿನವರಿಗೆ ಇಷ್ಟು ಸಾಕು. ಐದನೆಯ ಭಾನುವಾರ ದ್ಯಾಮಣ್ಣ ಇಸ್ತ್ರಿ ಅಂಗಿ ತೊಟ್ಟು, ಫಕೀರವ್ವ ಹೂ ಮುಡಿದು ಕೆಳಗಿಳಿದರು. ನಾಲ್ಕಕ್ಕೆ ನಿಂಗಿ ಪರದೆಯ ಮೇಲೆ ಬಂದಳು.

ಬಂದವಳೇ ಕೈಯೆತ್ತಿ ಶುರು ಮಾಡಿದಳು. ಆ ಬೆರಳುಗಳ ವೇಗವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಒಂದು ಸನ್ನೆ ಮುಗಿಯುವ ಮೊದಲೇ ಇನ್ನೊಂದು. ಅದರಲ್ಲಿ ಮೀಸೆಯಿರಲಿಲ್ಲ, ಮೂಗುಬೊಟ್ಟಿರಲಿಲ್ಲ, ನಮಗೆ ಗೊತ್ತಿದ್ದ ಒಂದೂ ಇರಲಿಲ್ಲ. ಕುಣಿತದ ಕಥೆಯೇ ಇರಬೇಕು. ಮುಖ ಅಷ್ಟು ಅರಳಿತ್ತು. ಗಂಡಹೆಂಡಿರ ನಾಲ್ಕು ಕೈಗಳೂ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಫಕೀರವ್ವ ತಿರುಗಿ ನನ್ನ ಮುಖ ನೋಡಿದಳು. ಏನು ಮಾಡಲೂ ತೋಚದೆ ನಾನು ಕೇಬಲ್ಲನ್ನು ಅಲುಗಾಡಿಸಿದೆ.

ನಿಂಗಿ ಥಟ್ಟನೆ ನಿಲ್ಲಿಸಿದಳು. ಅವ್ವನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಎರಡೂ ಕೈಗಳನ್ನು ಲಂಗಕ್ಕೆ ಒರೆಸಿಕೊಂಡು ನೆಟ್ಟಗೆ ಕೂತಳು. ಆಮೇಲೆ ಮೊದಲಿನಿಂದ, ನಿಧಾನವಾಗಿ, ಮನೆಯ ಮಾತಿನಲ್ಲಿ ಹೇಳತೊಡಗಿದಳು. ಒಂದನ್ನೂ ಮರೆತಿರಲಿಲ್ಲ. ಮೂಗು ಮುಟ್ಟಿದಳು, ಮೀಸೆ ತಿರುವಿದಳು, ಕುಣಿತ ನೋಡಲು ನೀವು ಬಂದಿರಲಿಲ್ಲ, ಜನರ ನಡುವೆ ನಾನು ಹುಡುಕಿದೆ ಎಂದಳು. ಫಕೀರವ್ವನ ಕೈಗಳು ತೊಡೆಯ ಮೇಲಿನಿಂದ ಎದ್ದವು. ಕಣ್ಣು ತುಂಬಿದ್ದರೂ ಒರೆಸಿಕೊಳ್ಳಲು ಅವಳ ಕೈಗೆ ಬಿಡುವಿರಲಿಲ್ಲ.

ನಡುವೆ ಒಂದು ಕಡೆ ನಿಂಗಿ ತಡವರಿಸಿದಳು. ತಾನು ಕುಣಿದದ್ದು ವೇದಿಕೆಯ ಮೇಲೆ ಎಂದು ಹೇಳಬೇಕಿತ್ತು. ಆ ಮೂವರಿಗೆ ಅದುವರೆಗೆ ವೇದಿಕೆಯ ಕೆಲಸ ಬಿದ್ದಿರಲಿಲ್ಲವಾದ್ದರಿಂದ ಮನೆಯ ಮಾತಿನಲ್ಲಿ ಅದಕ್ಕೆ ಸನ್ನೆ ಇರಲಿಲ್ಲ. ಕುರ್ಚಿಯ ಮೇಲೆ ಹತ್ತಿ ನಿಂತು, ಕೆಳಗೆ ಜನ ಕೂತಿದ್ದಾರೆಂದು ತೋರಿಸಿ ಅರ್ಥ ಮಾಡಿಸಿದಳು. ಇಳಿದು ಬಂದು ಶಾಲೆಯ ಸನ್ನೆಯನ್ನೂ ತೋರಿಸಿದಳು: ಒಂದು ಅಂಗೈ ಚಪ್ಪಟೆ, ಅದರ ಮೇಲೆ ಇನ್ನೊಂದು ಕೈಯ ಎರಡು ಬೆರಳು ನಿಂತು ಹೆಜ್ಜೆ ಹಾಕಬೇಕು. ಅವ್ವ ತಪ್ಪು ಮಾಡಿದಳು. ನಿಂಗಿ ನಕ್ಕು ಮತ್ತೆ ತೋರಿಸಿದಳು. ದ್ಯಾಮಣ್ಣನಿಗೆ ಎರಡನೆಯ ಸಲಕ್ಕೆ ಬಂತು, ಅವ್ವನಿಗೆ ನಾಲ್ಕನೆಯ ಸಲಕ್ಕೆ.

ಹಿಂದೆ ಕೂತಿದ್ದ ನಾನೂ ಮಾಡಿ ನೋಡಿದೆ. ಸ್ಪ್ಯಾನರ್ ಹಿಡಿದು ಬಿರುಸಾದ ಬೆರಳುಗಳು, ನೆಟ್ಟಗೆ ನಿಲ್ಲಲೊಲ್ಲವು. ನಿಂಗಿ ಅಪ್ಪ ಅವ್ವನ ತಲೆಗಳ ನಡುವಿನಿಂದ ಅದನ್ನು ಹೇಗೋ ಕಂಡುಹಿಡಿದು, ನನಗೆಂದೇ ಇನ್ನೊಮ್ಮೆ, ಇನ್ನೂ ನಿಧಾನವಾಗಿ ತೋರಿಸಿದಳು. ನನಗೆ ಬರಲಿಲ್ಲ. ಬರುವ ಭಾನುವಾರ ಮತ್ತೆ ತೋರಿಸುತ್ತೇನೆ ಎಂದು ಕೈಯಲ್ಲೇ ಹೇಳಿದಳು. ಅದು ಮಾತ್ರ ನನಗೆ ಚೆನ್ನಾಗಿ ಅರ್ಥವಾಯಿತು.