ಮೀನು ದಂಡೆಯ ಮೆಟ್ಟಿಲು

ಸೆಗು ಊರಿನ ಶಾಸಕ ದ್ರಿಸ್ಸಾ ಕುಲಿಬಾಲಿ ಮೂರು ಚುನಾವಣೆ ಗೆದ್ದದ್ದು ಒಂದೇ ಭರವಸೆಯಿಂದ: ನೈಜರ್ ನದಿಯ ಮೀನು ದಂಡೆಗೆ ಮೆಟ್ಟಿಲು ಕಟ್ಟಿಸುತ್ತೇನೆ. ನಾಲ್ಕನೆಯ ಸಲವೂ ಗರಿಗರಿ ಬಿಳಿ ನಿಲುವಂಗಿ ತೊಟ್ಟು ಅದನ್ನೇ ಹೇಳಲು ಬಂದರು. ಜನ ಎಂದಿನಂತೆ ತಲೆಯಾಡಿಸಿದರು. ಮೀನು ಮಾರುವ ತೆನಿನ್ ಕೇಟಾ ಮಾತ್ರ ಎದ್ದು ನಿಂತಳು.

"ಏಯ್ ಅಲಸಂದೆಬಾಕ, ಸಾಕು ಮಾಡೋ ಭಾಷಣ! ಈ ಬುಟ್ಟಿ ಹೊತ್ಕೊಂಡು ಮೇಲೆ ಹತ್ತು."

ಕುಲಿಬಾಲಿ ಮನೆತನದವರನ್ನು ಹೀಗೆ ಅಲಸಂದೆ ಮುಕ್ಕುವವರೆಂದು ಗೇಲಿ ಮಾಡಿ ಕೆಲಸ ಹೇಳುವುದು ಕೇಟಾ ಮನೆತನದವರಿಗೆ ಮುತ್ತಜ್ಜಂದಿರ ಕಾಲದ ಹಕ್ಕು; ತಿರುಗಿ ಗೇಲಿ ಮಾಡುವುದು ಕುಲಿಬಾಲಿಗಳ ಹಕ್ಕು. ಸಿಟ್ಟಾದರೆ ಮಾನ ಹೋಗುತ್ತದೆ, ಒಲ್ಲೆನೆಂದರೆ ಓಟೂ ಹೋಗುತ್ತದೆ.

"ಕೊಡೇ ಇಲ್ಲಿ, ನಮ್ಮನೆ ಗುಲಾಮಳೇ," ಎಂದು ನಕ್ಕು ಕುಲಿಬಾಲಿ ಬುಟ್ಟಿ ಹೊತ್ತರು. ಕೆಸರಿನ ಏರು ಅರ್ಧ ಹತ್ತುವಷ್ಟರಲ್ಲಿ ಕಾಲು ಜಾರಿ, ಮೀನುಗಳ ಸಮೇತ ಕೆಳಗೆ ಬಂದು ಬಿದ್ದರು. ದಂಡೆಯೆಲ್ಲ ಹೊಟ್ಟೆ ಹಿಡಿದು ನಕ್ಕಿತು.

ತೆನಿನ್ ಅವರನ್ನು ಎಬ್ಬಿಸುತ್ತ ಮೆಲ್ಲಗೆ ಹೇಳಿದಳು: "ಹೋದ ವರ್ಷ ಇಲ್ಲೇ ಬಿದ್ದು ನನ್ನ ಕೈ ಮುರೀತಣ್ಣಾ. ನಿಂಗೇನೂ ಆಗ್ಲಿಲ್ಲ ತಾನೆ?"

ಕುಲಿಬಾಲಿ ಅವಳ ಕೈ ನೋಡಿದರು, ಆಮೇಲೆ ಬಗ್ಗಿ ಚೆಲ್ಲಿದ ಮೀನುಗಳನ್ನು ಆಯ್ದು ಬುಟ್ಟಿಗೆ ತುಂಬಿದರು.

ಆ ವಾರವೇ ಗಾರೆ ಕೆಲಸದವರು ಬಂದರು. ಮೆಟ್ಟಿಲು ಎದ್ದಿತು, ಕುಲಿಬಾಲಿ ಸೋತರು. ಭರವಸೆ ಕೊಡಲು ಅವರ ಬಳಿ ಬೇರೇನೂ ಇರಲಿಲ್ಲ. ಈಗ ಸಂಜೆ ಹೊತ್ತು ಆ ಮೆಟ್ಟಿಲ ಮೇಲೆ ಕೂತು ಹೊಳೆ ನೋಡುತ್ತಾರೆ.

"ಏಳೋ ಅಲಸಂದೆಬಾಕ, ದಾರಿ ಬಿಡು," ಎನ್ನುತ್ತ ತೆನಿನ್ ಬುಟ್ಟಿ ಹೊತ್ತು ಜಾರದೆ ಹತ್ತಿ ಹೋಗುತ್ತಾಳೆ.