ಕಾಕಾನ ಲಿವರು, ಬಸದಿಯ ಕಳಸ

ನಾನು ಅಪ್ಪಾಸಾಹೇಬ ಕಾಕಾನ ನೀರಿನ ತಂಬಿಗೆಯನ್ನು ಕದ್ದು ಮೂಸಿ ನೋಡಿದೆ. ಬರೀ ನೀರು. ಆದರೂ ನಂಬಲಿಲ್ಲ. (ನೀವಾದರೆ ನಂಬುತ್ತಿದ್ದಿರಾ?)

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಏಕಸಂಬಿಯಲ್ಲಿ ತಂಬಾಕು ಬೆಳೆಯುವ ಜೈನ ಗೃಹಸ್ಥ. ಹೊತ್ತು ಮುಳುಗುವ ಮೊದಲೇ ಉಂಡು ಏಳುವವರು, ಉಳ್ಳಾಗಡ್ಡಿಯನ್ನೂ ಮುಟ್ಟದವರು. ದಿನಾ ಬೆಳಿಗ್ಗೆ ಬಸದಿಯಲ್ಲಿ ಅಭಿಷೇಕದ ಮೊದಲ ಕಳಸ ಎತ್ತುವುದು ಅವರೇ. ಅಂಥವರ ಹೊಟ್ಟೆ ಎರಡೇ ತಿಂಗಳಲ್ಲಿ ಉಬ್ಬಿತು. ಚಿಕ್ಕೋಡಿಯ ಡಾಕ್ಟರು ಲಿವರ್ ಪ್ರಾಬ್ಲೆಮ್ ಅಂದರು.

ಮುಗಿಯಿತು. ನಮ್ಮ ಕಡೆ ಲಿವರ್ ಕೆಟ್ಟಿದೆ ಅಂದರೆ ಅರ್ಥ ಒಂದೇ ತಾನೆ?

ಬಸದಿಯ ಹಿರಿಯರು ನಯವಾಗಿ, "ಆರಾಮ ಮಾಡ್ರಿ. ಕಳಸ ಯಾರರ ಎತ್ತತಾರ" ಅಂದರು. ಕಾಕು, ಅಂದರೆ ಚಿಕ್ಕಮ್ಮ, ಗಂಡನ ಧೋತರ ಒಗೆಯುವ ಮುಂಚೆ ಮೂಗಿಗೆ ಹಿಡಿಯತೊಡಗಿದರು. (ನಿಜವಾಗಿ ಕುಡಿಯುವವರನ್ನು ಯಾರೂ ಮೂಸುವುದಿಲ್ಲ, ಗಮನಿಸಿದ್ದೀರಾ?)

"ದಿನಾ ತೋಟದಾಗ ಒಬ್ಬರ ಏನ ಮಾಡತೀರಿ?" ಎಂದು ಒಂದು ದಿನ ಕಾಕು ನೇರವಾಗಿಯೇ ಕೇಳಿದರು.

"ಒಂದ ಹನಿ ಮುಟ್ಟಿಲ್ಲ. ಇನ್ನ ಎಷ್ಟ ಸರತೆ ಹೇಳ್ಲಿ?" ಅಂದರು ಕಾಕಾ.

ಮಿರಜಿಗೆ ಕರೆದುಕೊಂಡು ಹೋದೆ. ಅಲ್ಲಿ ಡಾಪ್ಲರ್ ಹೊಸದಾಗಿ ಬಂದಿತ್ತು. ಸ್ಕ್ಯಾನಿಂಗೇ, ಆದರೆ ರಕ್ತ ಹರಿಯುವುದನ್ನೂ ತೋರಿಸುತ್ತದಂತೆ, ಕೆಂಪು ನೀಲಿ ಬಣ್ಣದಲ್ಲಿ. (ರಕ್ತ ಎಲ್ಲಾದರೂ ನೀಲಿ ಇರುತ್ತದೆಯೇ? ನನಗೆ ಮಷೀನಿನ ಮೇಲೂ ಡೌಟು.)

ಡಾಕ್ಟರು ಪರದೆಯ ಮೇಲೆ ಬೆರಳಿಟ್ಟರು. "ಹೇ ಬಘಾ, ಇಲ್ಲಿ ನೋಡ್ರಿ, ಲಿವರ್‌ದಿಂದ ರಕ್ತ ಹೊರಗ ಹೋಗೋ ನರ ಇದು. ಇಲ್ಲಿ ಬಣ್ಣನ ಇಲ್ಲ. ಬಂದ್ ಆಗೇತಿ. ಅದಕ್ಕ ಹೊಟ್ಟ್ಯಾಗ ನೀರ ತುಂಬೇತಿ."

"ಕುಡದ್ರ ಹಿಂಗ ಆಗತೈತೇನ್ರಿ?" ಕೇಳಿದವನು ನಾನೇ. ಅದೂ ಕಾಕಾನ ಎದುರಿಗೇ.

"ಇದಕ್ಕೂ ಕುಡಿಯೋದಕ್ಕೂ ಸಂಬಂಧ ಇಲ್ರಿ."

ಕಾಕಾ ಹೊಟ್ಟೆಯ ಮೇಲಿನ ಜೆಲ್ ಒರೆಸಿಕೊಂಡರು. ನನ್ನ ಕಡೆ ನೋಡಲಿಲ್ಲ. ನಿಜ ಹೇಳುತ್ತೇನೆ, ಭಾಳ ನಾಚಿಕೆಯಾಯಿತು.

ಔಷಧಿ ಶುರುವಾಗಿ ಹೊಟ್ಟೆ ಸ್ವಲ್ಪ ಇಳಿದಿದೆ. ಮೊನ್ನೆ ಅವರ ಜೊತೆ ಬಸದಿಗೆ ಹೋದೆ. ಹಿರಿಯರು ಕಳಸದ ಮಾತಿಗಿಂತ ಮೊದಲು ರಿಪೋರ್ಟ್ ಕೇಳಿದರು. ಡಾಪ್ಲರ್ ಫೋಟೋವನ್ನು ಬಿಸಿಲಿಗೆ ಹಿಡಿದರು, ತಲೆಕೆಳಗು ಮಾಡಿಯೂ ನೋಡಿದರು. ಏನು ತಿಳಿಯಿತೋ, "ಬರೋಬರಿ ಐತಿ" ಎಂದು ಕಳಸ ಮುಂದೆ ಮಾಡಿದರು.

ಕಾಕಾ ಕೈ ಚಾಚಲಿಲ್ಲ. "ನಾ ಹೇಳಿದ್ದು ನಂಬಲಿಲ್ಲ, ಫೋಟೋ ನಂಬಿದ್ರಿ. ಕಳಸಾನೂ ಅದರ ಕೈಯಾಗ ಕೊಡ್ರಿ" ಎಂದವರೇ ಹೊರಟುಬಿಟ್ಟರು.

ಈಗ ಅವರನ್ನು ಒಪ್ಪಿಸಿ ಕರೆತರುವ ಕೆಲಸವನ್ನು ಹಿರಿಯರು ನನ್ನ ತಲೆಗೆ ಕಟ್ಟಿದ್ದಾರೆ. ಯಾವ ಮುಖ ಇಟ್ಟುಕೊಂಡು ಹೋಗಲಿ?